ಹಡಗಿನ ಹಿಂಭಾಗದ ಹೆಸರು

ಕೆಲವು ವರ್ಷಗಳ ಹಿಂದಿನ ಆಗಸ್ಟ್ 15. ಬೆಳಿಗ್ಗೆ ಡೆಕ್ ಮೇಲೆ ಬಾವುಟ ಹಾರಿಸಿ, ಜನಗಣಮನ ಹಾಡಿ, ಕುಕ್ ಮಾಡಿದ್ದ ಕೇಸರಿಬಾತ್ ತಿಂದೆವು. ಸಕ್ಕರೆ ಜಾಸ್ತಿಯಾಗಿತ್ತು. ಕಪ್ಪು ಸಮುದ್ರದ ದಡದಲ್ಲಿ ಅಷ್ಟು ಸಿಕ್ಕಿದ್ದೇ ದೊಡ್ಡದು ಎಂದು ಯಾರೂ ತಕರಾರು ಮಾಡಲಿಲ್ಲ.

ಗೋಧಿ ತುಂಬಿಸಿಕೊಳ್ಳಲು ರೊಮೇನಿಯಾದ ಬಂದರಿಗೆ ಬಂದಿದ್ದೆವು. ನಾವು ಹಡಗಿನವರು ಆ ಊರನ್ನು ಕಾನ್‌ಸ್ಟಾಂಜಾ ಅನ್ನುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ಕೊನ್‌ಸ್ತಾಂತ್ಸ. ಏಜೆಂಟ್ ಹಿಂದಿನ ದಿನವೇ ಹೇಳಿದ್ದ, ನಾಳೆ ರಜೆ, ಮೇರಿ ಮಾತೆಯ ಹಬ್ಬ, ನೌಕಾಪಡೆಯ ದಿನವೂ ಹೌದು, ಲೋಡಿಂಗ್ ಇರಲ್ಲ ಅಂತ. ಮೇರಿ ಅಲ್ಲಿ ನಾವಿಕರನ್ನು ಕಾಯುವ ತಾಯಿ. 1902ರಿಂದ ಆಚರಿಸಿಕೊಂಡು ಬಂದ ದಿನವಂತೆ. ನಮ್ಮ ಸ್ವಾತಂತ್ರ್ಯ ದಿನ, ಅವರ ನೌಕಾ ದಿನ ಎರಡೂ ಒಂದೇ ತಾರೀಖು. ಇಂಜಿನ್ ರೂಮಿನಲ್ಲಿ ನನ್ನ ಪಾಳಿ ಇರಲಿಲ್ಲ. ದಡಕ್ಕಿಳಿದು ಸುತ್ತಾಡಲು ಶೋರ್ ಲೀವ್ ಕೇಳಿದೆ, ಸಿಕ್ಕಿತು.

ಸಮುದ್ರದ ಬದಿಯಲ್ಲಿ, ಹಳೇ ಕಸಿನೊ ಎದುರು, ಕಾಲಿಡಲು ಜಾಗ ಇರಲಿಲ್ಲ. 1910ರಲ್ಲಿ ಕಟ್ಟಿದ ಆ ಚೆಂದದ ಕಟ್ಟಡ ನಾನು ನೋಡಿದಾಗ ಪಾಳು ಬಿದ್ದಿತ್ತು. ಗಾಜು ಒಡೆದಿತ್ತು, ಗೋಡೆ ಉದುರುತ್ತಿತ್ತು. ಈಗ ರಿಪೇರಿ ಮಾಡಿ 2025ರಲ್ಲಿ ಮತ್ತೆ ತೆರೆದಿದ್ದಾರೆ. ಅವತ್ತು ಆ ಮುರುಕು ಅರಮನೆಯ ಮುಂದೆ ಬಿಳಿ ಸಮವಸ್ತ್ರದ ನಾವಿಕರು ಸಾಲಾಗಿ ನಿಂತಿದ್ದರು. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಕೆರೆದಂಡೆಯ ಜಾತ್ರೆ ಥರಾನೇ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ನಿಂತಿದ್ದರು. ಎಂಬತ್ತರ ಆಸುಪಾಸು, ತಲೆ ಮೇಲೆ ನಾವಿಕರ ಹಳೇ ಟೋಪಿ. ದೂರದಲ್ಲಿ ನಿಂತ ಯುದ್ಧನೌಕೆ ತೋರಿಸಿ ಹೆಸರೇನು ಎಂದು ಕೇಳಿದೆ. 'ರೆಜಿನಾ ಮರಿಯಾ' ಅಂದರು. ಮರಿಯಾ ರಾಣಿ. ಜೊತೆಯ ಹಡಗಿನ ಹೆಸರು 'ರೆಜೆಲೆ ಫರ್ಡಿನಾಂಡ್', ಫರ್ಡಿನಾಂಡ್ ರಾಜ. ಅವರ 'ರೆಜೆ', ನಮ್ಮ 'ರಾಜ' ಎರಡೂ ಒಂದೇ ಬೇರಿನ ಮಾತು. ರೆಜಿನಾ ಅಂದಾಗ ನನಗೆ ರಾಣಿ ಅಂತಲೇ ಕೇಳಿಸಿತ್ತು.

ಅಲ್ಲೇ ನಾನು ಎಡವಟ್ಟು ಮಾಡಿಕೊಂಡಿದ್ದು. "ಹಾಗಾದರೆ ಇವತ್ತು ನಿಮ್ಮ ರಾಜರೂ ಬರ್ತಾರಾ?" ಎಂದು ಕೇಳಿಬಿಟ್ಟೆ.

ಅಜ್ಜ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ತುಂಡು ತುಂಡು ಇಂಗ್ಲಿಷಿನಲ್ಲಿ, "1947, ಡಿಸೆಂಬರ್ 30" ಅಂದು ಬಾಗಿಲ ಕಡೆ ಕೈ ತೋರಿಸುವ ಹಾಗೆ ಮಾಡಿದರು. ಅವತ್ತು ಕಮ್ಯುನಿಸ್ಟರು ಕೊನೆಯ ರಾಜ ಮಿಹಾಯ್‌ನಿಂದ ಗದ್ದುಗೆ ಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ಕೆಲವೇ ದಿನಗಳಲ್ಲಿ ದೇಶ ಬಿಡಿಸಿದರು. ಅದಾದ ಮೇಲೆ ರಾಜರೇ ಇಲ್ಲ.

ಮತ್ತೆ ಹಡಗಿಗೆ ಯಾಕೆ ರಾಜನ ಹೆಸರು? ಅಷ್ಟು ಕೇಳಿದ್ದೇ ತಡ, ಅಜ್ಜ ಪೆರೇಡ್ ಕಡೆ ಬೆನ್ನು ತಿರುಗಿಸಿ ನಿಂತರು. ಅವರ ಅಪ್ಪ ಇದೇ ಹೆಸರಿನ ಹಡಗಿನಲ್ಲಿ ಇದ್ದರಂತೆ. ಈಗಿನದಲ್ಲ, ಹಳೆಯದು. ಇಟಲಿಯ ನೇಪಲ್ಸ್‌ನಲ್ಲಿ ಕಟ್ಟಿ 1930ರಲ್ಲಿ ಸೇವೆಗೆ ಬಂದ ಡೆಸ್ಟ್ರಾಯರ್ ಯುದ್ಧನೌಕೆಗಳ ಜೋಡಿ. ಆಗಲೂ ಒಂದು ಫರ್ಡಿನಾಂಡ್, ಒಂದು ಮರಿಯಾ.

ಎರಡನೇ ಮಹಾಯುದ್ಧದಲ್ಲಿ ರೊಮೇನಿಯಾ ಮೊದಲು ಜರ್ಮನಿಯ ಕಡೆಗಿತ್ತು. 1941ರ ಜೂನ್ 26ರ ನಸುಕಿನಲ್ಲಿ ಸೋವಿಯತ್ ಹಡಗುಗಳು ಇದೇ ಊರಿನ ಮೇಲೆ ಗುಂಡು ಹಾರಿಸಲು ಬಂದವು. ರೆಜಿನಾ ಮರಿಯಾ ಬಂದರಿನ ಹೊರಗಿನಿಂದಲೇ ಉತ್ತರ ಕೊಟ್ಟಿತು. 'ಮಾಸ್ಕ್ವಾ' ಎಂಬ ಸೋವಿಯತ್ ಹಡಗು ಎರಡು ತುಂಡಾಗಿ ಮುಳುಗಿತು. ಅದನ್ನು ಮುಳುಗಿಸಿದ್ದು ರೊಮೇನಿಯಾದ ಫಿರಂಗಿ ಎಂದು ಬಹಳ ಜನ ಹೇಳಿಕೊಂಡು ತಿರುಗಿದರು, ಆದರೆ ಅಪ್ಪ ಮಾತ್ರ "ನಾವಲ್ಲ, ಮೈನ್" ಅನ್ನುತ್ತಿದ್ದರಂತೆ. ಮೈನ್ ಅಂದರೆ ಹಡಗು ತಾಗಿದರೆ ಸಿಡಿಯಲೆಂದು ನೀರಿನಲ್ಲಿ ಇಟ್ಟ ಸಿಡಿಗುಂಡು. ಅಪ್ಪನ ಆ ಮಾತನ್ನು ಅಜ್ಜ ಎರಡು ಸಲ ಹೇಳಿದರು. ನೀರಿನಡಿ ಮೈನ್ ಹಾಕಿಟ್ಟಿದ್ದ ಹಡಗುಗಳಲ್ಲಿ ಒಂದರ ಹೆಸರು 'ಅಮಿರಾಲ್ ಮುರ್ಜೆಸ್ಕು', ಇನ್ನೊಂದು 'ರೆಜೆಲೆ ಕರೋಲ್ 1'. ಮೊದಲನೆಯ ರಾಜನ ಹೆಸರು ಹೊತ್ತಿದ್ದ ಈ ಎರಡನೆಯದು ಅದೇ ವರ್ಷ ಅಕ್ಟೋಬರ್‌ನಲ್ಲಿ, ಬಲ್ಗೇರಿಯಾದ ವರ್ನಾ ಹತ್ತಿರ, ತಾನೇ ಸೋವಿಯತ್ ಮೈನ್‌ಗೆ ಸಿಕ್ಕಿ ಮುಳುಗಿತು.

ಮೊದಲನೆಯ ಹಡಗಿಗೆ ಹೆಸರು ಕೊಟ್ಟ ಮುರ್ಜೆಸ್ಕು ಕಥೆ ನನಗೆ ತುಂಬ ಹಿಡಿಸಿತು. 1877ರಲ್ಲಿ ರೊಮೇನಿಯಾ ತುರ್ಕರ ಹಿಡಿತದಿಂದ ಬಿಡಿಸಿಕೊಳ್ಳಲು ರಷ್ಯಾ ಜೊತೆ ಸೇರಿ ಹೋರಾಡುತ್ತಿತ್ತು. ಮೇ ತಿಂಗಳ ಒಂದು ರಾತ್ರಿ, ಡ್ಯಾನ್ಯೂಬ್ ನದಿಯಲ್ಲಿ, ಮೆಚಿನ್ ಎಂಬ ಊರಿನ ಹತ್ತಿರ ತುರ್ಕರ ಕಬ್ಬಿಣದ ಹಡಗು 'ಸೈಫಿ' ನಿಂತಿತ್ತು. ನಾಲ್ಕು ಪುಟ್ಟ ದೋಣಿಗಳು ಸದ್ದಿಲ್ಲದೆ ಹೋದವು. ಅದರಲ್ಲಿ ಒಂದು ರೊಮೇನಿಯಾದ 'ರಂದುನಿಕಾ'. ಅಂದರೆ ಕವಲುಬಾಲದ ಪುಟ್ಟ ಹಕ್ಕಿ. ಆಗಿನ ಟಾರ್ಪಿಡೊ ಈಗಿನ ಹಾಗೆ ತಾನೇ ಈಜಿಕೊಂಡು ಹೋಗುತ್ತಿರಲಿಲ್ಲ. ಉದ್ದನೆ ಗಳದ ತುದಿಗೆ ಸಿಡಿಮದ್ದು ಕಟ್ಟಿ, ದೋಣಿಯನ್ನೇ ಶತ್ರು ಹಡಗಿನ ಹೊಟ್ಟೆಯ ಹತ್ತಿರ ಒಯ್ದು ಚುಚ್ಚಬೇಕು. ಮದ್ದಿಗೂ ನಿಮಗೂ ನಡುವೆ ಒಂದು ಗಳ, ಅಷ್ಟೇ. ರಷ್ಯಾದ ಅಧಿಕಾರಿ ದುಬಾಸೊವ್ ಜೊತೆ ಆ ದೋಣಿಯಲ್ಲಿ ಇದ್ದವರು ಮೇಜರ್ ಯೋನ್ ಮುರ್ಜೆಸ್ಕು. ಸೈಫಿ ಮುಳುಗಿತು. ಇಂಜಿನ್ ರೂಮಿನ ಕೆಲಸದವನಾದ ನನಗೆ ಒಂದೇ ಯೋಚನೆ, ಅಷ್ಟು ಹತ್ತಿರ ಹೋಗುವಾಗ ಬಾಯ್ಲರ್ ಪಕ್ಕ ಕೂತವನಿಗೆ ಹೇಗಾಗಿರಬೇಡ!

ಆ ಯುದ್ಧದಲ್ಲಿ ವಶವಾದ ತುರ್ಕರ ಫಿರಂಗಿಯೊಂದರ ಉಕ್ಕಿನಿಂದಲೇ ರಾಜ ಕರೋಲ್ 1881ರಲ್ಲಿ ಕಿರೀಟ ಮಾಡಿಸಿಕೊಂಡ. ಚಿನ್ನದ್ದಲ್ಲ. ಇವನು ಮೂಲತಃ ಜರ್ಮನ್ ರಾಜಮನೆತನದವನು. 1866ರಲ್ಲಿ ಆಸ್ಟ್ರಿಯಾದವರಿಗೆ ಗೊತ್ತಾಗಬಾರದೆಂದು ಕಾರ್ಲ್ ಹೆಟಿಂಗನ್ ಎಂಬ ಸುಳ್ಳು ಹೆಸರಿನಲ್ಲಿ, ಸೆಕೆಂಡ್ ಕ್ಲಾಸ್ ರೈಲಿನಲ್ಲಿ ಬಂದವನು. ಹೆಸರು ಬದಲಾಯಿಸಿಕೊಂಡು ಬಂದ ರಾಜನ ಹೆಸರು ಹಡಗಿನ ಮೇಲೆ. ನನಗೆ ನಗು ಬಂತು. ಅಜ್ಜನಿಗೆ ಬರಲಿಲ್ಲ.

ಅವರ ಕಥೆ ಇನ್ನೂ ಮುಗಿದಿರಲಿಲ್ಲ. 1944ರ ಆಗಸ್ಟ್ 23ರಂದು 22 ವರ್ಷದ ಮಿಹಾಯ್, ಸರ್ವಾಧಿಕಾರಿ ಆಂತೊನೆಸ್ಕುವನ್ನು ಬಂಧಿಸಿ ದೇಶವನ್ನು ಜರ್ಮನಿಯ ಕಡೆಯಿಂದ ಈಚೆ ತಂದ. ಆದರೂ ಸೋವಿಯತ್‌ನವರು ಹಡಗುಗಳನ್ನು ಬಿಡಲಿಲ್ಲ, ಕೊಂಡೊಯ್ದರು. ಫರ್ಡಿನಾಂಡ್ 'ಲಿಖೋಯ್' ಆಯಿತು, ಮರಿಯಾ 'ಲೆತುಚಿ' ಆಯಿತು. 1951ರಲ್ಲಿ ವಾಪಸ್ ಕೊಟ್ಟಾಗ ರಾಜ ರಾಣಿಯರ ಹೆಸರು ಇಡುವ ಕಾಲ ಹೋಗಿತ್ತು. ಡಿ 21, ಡಿ 22 ಎಂದು ನಂಬರ್ ಬರೆದರು. ಆಮೇಲೆ ಗುಜರಿಗೆ ಹೋದವು.

"ಅಪ್ಪ ಮನೆಯಲ್ಲಿ ಹೆಸರು ಹೇಳುತ್ತಿರಲಿಲ್ಲ. 'ಹಡಗು' ಅನ್ನುತ್ತಿದ್ದರು, ಅಷ್ಟೇ. ಹೆಸರು ನನಗೆ ಗೊತ್ತಾಗುವಾಗ ನಾನು ಮೀಸೆ ಬಂದವನು" ಎಂದರು ಅಜ್ಜ.

2003ರಲ್ಲಿ ರೊಮೇನಿಯಾ ಬ್ರಿಟನ್ನಿನಿಂದ ಫ್ರಿಗೇಟ್ ಎಂಬ ಬಗೆಯ ಎರಡು ಹಳೇ ಯುದ್ಧನೌಕೆ ಕೊಂಡಿತು. ಕಾವೆಂಟ್ರಿ, ಲಂಡನ್ ಎಂಬ ಹೆಸರು ಅಳಿಸಿ ಮತ್ತೆ ಫರ್ಡಿನಾಂಡ್, ಮರಿಯಾ ಎಂದು ಬರೆಸಿತು. ಗಣರಾಜ್ಯವೇ ಬರೆಸಿದ್ದು. ಸೆಕೆಂಡ್ ಹ್ಯಾಂಡ್ ಹಡಗಿಗೆ ರಾಣಿಯ ಹೆಸರಾ ಎಂದು ನಾನು ಛೇಡಿಸುವವನಿದ್ದೆ. ಅಷ್ಟರಲ್ಲಿ ನಮ್ಮ 'ಐಎನ್‌ಎಸ್ ಮೈಸೂರು' ನೆನಪಾಯಿತು. 1957ರಲ್ಲಿ ನಮಗೆ ಬಂದ ಆ ಕ್ರೂಸರ್ ಕೂಡ ಮೊದಲು ಬ್ರಿಟಿಷರ 'ನೈಜೀರಿಯಾ'. ಸುಮ್ಮನಾದೆ.

2017ರ ಡಿಸೆಂಬರ್‌ನಲ್ಲಿ ಮಿಹಾಯ್ ತೀರಿಕೊಂಡಾಗ ಅಜ್ಜ ಬುಕಾರೆಸ್ಟ್‌ಗೆ ಹೋಗಿದ್ದರಂತೆ. ಶವವನ್ನು ರಾಜರ ರೈಲಿನಲ್ಲೇ, ರಾಜಮನೆತನದ ಸಮಾಧಿಗಳಿರುವ ಕುರ್ತ್ಯಾ ದೆ ಆರ್ಜೆಶ್‌ಗೆ ಒಯ್ದರು. ಹಾದಿಯುದ್ದಕ್ಕೂ ಜನ. "ನೀವು ರಾಜನ ಪಕ್ಷದವರಾ?" ಎಂದೆ. ಅಜ್ಜ ತಲೆ ಅಲ್ಲಾಡಿಸಿದರು. ಹೌದು ಅಂತಲೋ ಅಲ್ಲ ಅಂತಲೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಮುದ್ರಕ್ಕೆ ಹೂವಿನ ಚಕ್ರ ಬಿಟ್ಟರು, ಸತ್ತ ನಾವಿಕರ ನೆನಪಿಗೆ. ಅಜ್ಜ ಟೋಪಿ ತೆಗೆದರು. ನಾನೂ ಕೈ ಕಟ್ಟಿ ನಿಂತೆ.

ಸಂಜೆ ಬಂದರಿಗೆ ವಾಪಸ್ ಬಂದೆ. ಏಜೆಂಟ್ ವ್ಯಾನ್ ಹಡಗಿನ ಹಿಂಭಾಗದ ಹತ್ತಿರವೇ ಇಳಿಸಿತು. ಅಲ್ಲಿ ನಮ್ಮ ಹಡಗಿನ ಹೆಸರು, ಕೆಳಗೆ ಹಡಗು ನೋಂದಣಿಯಾದ, ಮಾಲೀಕರು ಎಂದೂ ಕಾಲಿಡದ ಯಾವುದೋ ಊರಿನ ಹೆಸರು. ನಮ್ಮ ಹಡಗೂ ಮೂರು ಕೈ ಬದಲಾಗಿ ಬಂದದ್ದೇ. ಓರೆ ಬಿಸಿಲು ಬಿದ್ದಿತ್ತು. ಬಿಳಿ ಅಕ್ಷರಗಳ ಹಿಂದೆ, ಬಣ್ಣದ ಅಡಿಯಲ್ಲಿ, ಹಳೇ ಹೆಸರಿನ ವೆಲ್ಡಿಂಗ್ ಗೆರೆ ಉಬ್ಬಿಕೊಂಡು ಕಾಣುತ್ತಿತ್ತು. ಐದು ತಿಂಗಳಿಂದ ಇದೇ ಹಡಗಿನಲ್ಲಿದ್ದೆ, ಒಂದು ದಿನವೂ ನೋಡಿರಲಿಲ್ಲ. ಮೂರು ಅಕ್ಷರ ಓದಲು ಬಂತು. ನಾಲ್ಕನೆಯದು 'ಆರ್' ಅಥವಾ 'ಬಿ' ಇರಬೇಕು.

"ತೀನ್ ಸಾಬ್, ಅಲ್ಲೇನ್ ಹುಡುಕ್ತಾ ಇದೀರಿ?" ಎಂದು ಹಡಗು ಹತ್ತುವ ಗ್ಯಾಂಗ್‌ವೇ ಮೇಲಿದ್ದ ಕಾರವಾರದ ಹುಡುಗ ಕೂಗಿದ. ಥರ್ಡ್ ಇಂಜಿನಿಯರ್ ಆದ ನನ್ನನ್ನು ಹಡಗಿನಲ್ಲಿ ಕರೆಯುವುದೇ ಹಾಗೆ. "ಜನರೇಟರ್ ಅಲಾರಂ ಹೊಡ್ಕೋತಿದೆ, ಬೇಗ ಬನ್ನಿ."