ಮೆಸ್ಸಿನಾ, ರೊನಾಲ್ಡೋನಾ? ಬ್ಲೂಮ್‌ಫೀಲ್ಡ್!

ನಾನು ಫುಟ್‌ಬಾಲ್ ನೋಡುತ್ತೇನೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಮೆಸ್ಸಿನಾ, ರೊನಾಲ್ಡೋನಾ? ಮ್ಯಾಟ್ ಬ್ಲೂಮ್‌ಫೀಲ್ಡ್ ಅನ್ನುತ್ತೇನೆ. ಆಗ ಎರಡನೇ ಪ್ರಶ್ನೆ, ಅದೂ ಎಲ್ಲರದ್ದು ಒಂದೇ: ಯಾರದು? ಸುಮ್ನೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಮಾತು ಬದಲಿಸುವವರೇ ಜಾಸ್ತಿ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಒಮ್ಮೆ ಬರೆದೇ ಬಿಡುತ್ತೇನೆ.

ಲಂಡನ್ನಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಹೈ ವಿಕಮ್ ಅಂತ ಒಂದು ಊರಿದೆ. ಹಿಂದೆಲ್ಲ ಕುರ್ಚಿ ಮಾಡುವುದೇ ಆ ಊರಿನ ಕಸುಬು. ಹಾಗಾಗಿ ಅಲ್ಲಿನ ವಿಕಮ್ ವಾಂಡರರ್ಸ್ ತಂಡಕ್ಕೆ ಇವತ್ತಿಗೂ ಚೇರ್‌ಬಾಯ್ಸ್ ಅಂತಲೇ ಅಡ್ಡಹೆಸರು. ಮೈದಾನದ ಹೆಸರು ಆಡಮ್ಸ್ ಪಾರ್ಕ್. ಕಾರ್ಖಾನೆ ಶೆಡ್ಡುಗಳ ಸಾಲು ದಾಟಿ, ರಸ್ತೆಯೇ ಮುಗಿದುಹೋಗುವ ಜಾಗದಲ್ಲಿ, ಮರ ತುಂಬಿದ ಗುಡ್ಡದ ಬುಡದಲ್ಲಿದೆ. 2003ರ ಡಿಸೆಂಬರ್‌ನಲ್ಲಿ ಇಪ್ಸ್‌ವಿಚ್ ಕ್ಲಬ್ ಬಿಟ್ಟು 19 ವರ್ಷದ ಬ್ಲೂಮ್‌ಫೀಲ್ಡ್ ಇಲ್ಲಿಗೆ ಬಂದ. ಕರೆಸಿಕೊಂಡವರು ಆಗಿನ ಮ್ಯಾನೇಜರ್, ಆರ್ಸೆನಲ್‌ನ ಹಳೇ ನಾಯಕ ಟೋನಿ ಆಡಮ್ಸ್. (ಮೈದಾನದ ಆಡಮ್ಸ್ ಬೇರೆ. ಕ್ಲಬ್ಬಿಗೆ ಅದರ ಹಿಂದಿನ ಮೈದಾನ ಕೊಟ್ಟ ಫ್ರಾಂಕ್ ಆಡಮ್ಸ್ ಅವರು.) ಬಂದವನು 2022ರಲ್ಲಿ ಆಟ ನಿಲ್ಲಿಸುವವರೆಗೆ ಅಲ್ಲೇ ಇದ್ದ. 500ಕ್ಕೂ ಜಾಸ್ತಿ ಪಂದ್ಯ ಆಡಿದ.

ಒಂದೇ ಕ್ಲಬ್ಬಿನಲ್ಲಿ 18 ವರ್ಷ ಅಂದರೆ ಆರಾಮಾಗಿ ಬೇರು ಬಿಟ್ಟುಕೊಂಡು ಕೂತಿದ್ದ ಅಂತ ಅನ್ನಿಸಬಹುದು. ಹಾಗಿಲ್ಲ. ಇಂಗ್ಲೆಂಡಿನ ಮೇಲಿನ ನಾಲ್ಕು ದರ್ಜೆಗಳಲ್ಲಿ ಒಟ್ಟು 92 ಕ್ಲಬ್ಬುಗಳು. ಪ್ರತಿ ವರ್ಷ ಕೆಲವು ಮೇಲೆ ಹೋಗುತ್ತವೆ, ಕೆಲವು ಕೆಳಗೆ ಬೀಳುತ್ತವೆ. ಇವನಿದ್ದ ಕಾಲದಲ್ಲಿ ವಿಕಮ್ 2004ರಲ್ಲಿ ಇಳಿಯಿತು, 2009ರಲ್ಲಿ ಹತ್ತಿತು, 2010ರಲ್ಲಿ ಇಳಿಯಿತು, 2011ರಲ್ಲಿ ಹತ್ತಿತು, 2012ರಲ್ಲಿ ಮತ್ತೆ ಇಳಿಯಿತು, 2018ರಲ್ಲೂ 2020ರಲ್ಲೂ ಹತ್ತಿತು, 2021ರಲ್ಲಿ ಇಳಿಯಿತು. ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ. ಮನೆ ಬದಲಾಯಿಸದಿದ್ದರೂ ಮನೆಯೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಹಾಗೆ.

ಈ ದರ್ಜೆಗಳಲ್ಲಿ ಹೆಚ್ಚಿನವರಿಗೆ ಒಂದೋ ಎರಡೋ ವರ್ಷದ ಒಪ್ಪಂದ. ಜೂನ್ 30ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಸೀಸನ್ ಮುಗಿದ ಕೆಲವೇ ದಿನಕ್ಕೆ ಕ್ಲಬ್ ಒಂದು ಪಟ್ಟಿ ಹಾಕುತ್ತದೆ, ಯಾರನ್ನು ಇಟ್ಟುಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ. ಮನೆ ಸಾಲ, ಮಕ್ಕಳ ಸ್ಕೂಲು ಎಲ್ಲ ಇರುವ 30 ದಾಟಿದ ಮನುಷ್ಯ ಆ ಪಟ್ಟಿಯಲ್ಲಿ ತನ್ನ ಹೆಸರು ಯಾವ ಕಡೆ ಇದೆ ಅಂತ ನೋಡಬೇಕು, ಅಲ್ವಾ? ಮ್ಯಾನೇಜರ್ ಬದಲಾದಾಗಲೆಲ್ಲ ಹೊಸಬರು ತಮ್ಮವರನ್ನು ಕರೆತರುತ್ತಾರೆ. ಟೋನಿ ಆಡಮ್ಸ್ ಆದಮೇಲೆ ಎಷ್ಟೋ ಜನ ಬಂದರು, ಹೋದರು. ಬಂದ ಎಲ್ಲರಿಗೂ ಈ ಮನುಷ್ಯ ಬೇಕಾದ. ನನಗೆ ಅವನ ದೊಡ್ಡ ದಾಖಲೆ ಅಂದರೆ ಇದೇ, ಪಂದ್ಯಗಳ ಸಂಖ್ಯೆ ಅಲ್ಲ.

ಯಾಕೆ ಬೇಕಾದ ಅನ್ನುವುದು ಗೊತ್ತಾಗಬೇಕಾದರೆ ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ಹತ್ತು ನಿಮಿಷ ನೋಡಬೇಕು. ವಿಕಮ್‌ನಲ್ಲಿ ಅವನ ಕೊನೆಯ ವರ್ಷಗಳಲ್ಲಿ ಮುಂದೆ ಅಡೆಬಾಯೊ ಅಕಿನ್‌ಫೆನ್ವಾ ಇದ್ದ, 100 ಕಿಲೋ ದಾಟಿದ ಬೆಟ್ಟದಂಥ ಆಳು. ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡು ಅವನ ಎದೆಗೋ ತಲೆಗೋ ತಾಗಿ ಎಲ್ಲೋ ಬೀಳುತ್ತದೆ. ಅದನ್ನು ಸೆಕೆಂಡ್ ಬಾಲ್ ಅನ್ನುತ್ತಾರೆ. ಕೆಳ ದರ್ಜೆಯಲ್ಲಿ ಅರ್ಧ ಪಂದ್ಯ ನಿಲ್ಲುವುದೇ ಅದು ಯಾರ ಕಾಲಿಗೆ ಸಿಗುತ್ತದೆ ಅನ್ನುವುದರ ಮೇಲೆ. ಎಲ್ಲರೂ ಅಕಿನ್‌ಫೆನ್ವಾನನ್ನು ನೋಡುತ್ತಿರುವಾಗ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವ ಬ್ಲೂಮ್‌ಫೀಲ್ಡ್‌ನಂಥವನು, ಆಗಲೇ ಓಡಲು ಶುರು ಮಾಡಿರಬೇಕು. ಐದು ಸಲ ಓಡಿದರೆ ನಾಲ್ಕು ಸಲ ಚೆಂಡು ಬೇರೆಲ್ಲೋ ಬೀಳುತ್ತದೆ. ಆರನೇ ಸಲವೂ ಓಡಬೇಕು. ಹೈಲೈಟ್ಸ್‌ನಲ್ಲಿ ಇದ್ಯಾವುದೂ ಬರುವುದಿಲ್ಲ. ಒಂದು ಸೀಸನ್‌ಗೆ 46 ಲೀಗ್ ಪಂದ್ಯ, ಶನಿವಾರ ಮಧ್ಯಾಹ್ನ ಒಂದು, ಎಷ್ಟೋ ವಾರ ಮಂಗಳವಾರ ರಾತ್ರಿ ಇನ್ನೊಂದು.

ಕಪ್ ಪಂದ್ಯಗಳ ಸಂಭ್ರಮವೂ ಇತ್ತು ಬಿಡಿ. 2007ರ ಜನವರಿಯಲ್ಲಿ, ನಾಲ್ಕನೇ ದರ್ಜೆಯಲ್ಲಿದ್ದಾಗ, ಲೀಗ್ ಕಪ್ ಸೆಮಿಫೈನಲ್‌ನಲ್ಲಿ ಮೊರಿನ್ಯೋ ಮ್ಯಾನೇಜರ್ ಆಗಿದ್ದ, ಮೊದಲ ದರ್ಜೆಯ ಚೆಲ್ಸಿಯನ್ನು ಊರಲ್ಲಿ 1-1ಕ್ಕೆ ನಿಲ್ಲಿಸಿದರು. ಆಮೇಲೆ ಲಂಡನ್ನಿನಲ್ಲಿ 4-0 ಸೋತರು.

ನನಗೆ ಅದಕ್ಕಿಂತ ಮುಖ್ಯ 2014ರ ಮೇ 3. ಕ್ಲಬ್ಬಿನಲ್ಲಿ ದುಡ್ಡಿಲ್ಲ. ಅಭಿಮಾನಿಗಳ ಟ್ರಸ್ಟ್ ಹೇಗೋ ನಡೆಸುತ್ತಿತ್ತು, ಹುಡುಗರ ಅಕಾಡೆಮಿಯನ್ನೂ ಮುಚ್ಚಿಯಾಗಿತ್ತು. ಕೊನೆಯ ಪಂದ್ಯ ಟಾರ್ಕಿಯಲ್ಲಿ. ನಾಲ್ಕನೇ ದರ್ಜೆಯಿಂದಲೂ ಕೆಳಗೆ ಬಿದ್ದು ಆ 92ರಿಂದಲೇ ಹೊರಗಾಗದಿರಲು ಗೆದ್ದರಷ್ಟೇ ಸಾಲದು, ಬೇರೆ ಊರಿನಲ್ಲಿ ಬೇರೆಯವರು ಸೋಲಲೂಬೇಕು. ವಿಕಮ್ 3-0 ಗೆದ್ದಿತು, ಬ್ರಿಸ್ಟಲ್ ರೋವರ್ಸ್ ತನ್ನದೇ ಮೈದಾನದಲ್ಲಿ 1-0 ಸೋತಿತು. ಇಬ್ಬರಿಗೂ 50 ಪಾಯಿಂಟ್, ಗೋಲುಗಳ ಲೆಕ್ಕದಲ್ಲಿ ವಿಕಮ್ ಬಚಾವ್. 92ರಲ್ಲಿ 90ನೇ ಜಾಗ. ಆರು ವರ್ಷ ಕಳೆದು, 2020ರ ಜುಲೈನಲ್ಲಿ, ಕೊರೊನಾ ಕಾರಣ ಒಬ್ಬ ಪ್ರೇಕ್ಷಕನೂ ಇಲ್ಲದ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಆಕ್ಸ್‌ಫರ್ಡ್ ತಂಡವನ್ನು 2-1ರಿಂದ ಸೋಲಿಸಿ ಅದೇ ಕ್ಲಬ್ ತನ್ನ ಚರಿತ್ರೆಯಲ್ಲೇ ಮೊದಲ ಸಲ ಎರಡನೇ ದರ್ಜೆಗೆ ಹೋಯಿತು. ಬ್ಲೂಮ್‌ಫೀಲ್ಡ್‌ಗೆ ಆಗ 36. ಇಂಥ ದಿನ ನೋಡಲು ಅಭಿಮಾನಿಗಳೇ ಇರಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

2021ರ ಆಗಸ್ಟ್‌ನಲ್ಲಿ ತಲೆಗೆ ಪೆಟ್ಟಾಯಿತು. ಅದೇ ಕಾರಣಕ್ಕೆ ಮುಂದಿನ ಫೆಬ್ರವರಿಯಲ್ಲಿ ಆಟ ನಿಲ್ಲಿಸಿದ. ಆಮೇಲೆ ಕೋಲ್ಚೆಸ್ಟರ್‌ಗೆ ಮ್ಯಾನೇಜರ್, 2023ರಲ್ಲಿ ಮತ್ತೆ ವಿಕಮ್‌ಗೇ. 2025ರ ಜನವರಿಯಲ್ಲಿ ತಂಡ ಮೂರನೇ ದರ್ಜೆಯ ಎರಡನೇ ಸ್ಥಾನದಲ್ಲಿದ್ದಾಗ ಮೇಲಿನ ದರ್ಜೆಯ ಲೂಟನ್ ಕರೆಯಿತು, ಹೋದ. ನನಗೆ ಆಗ ಬೇಜಾರಾಗಿತ್ತು. ಲೂಟನ್ ಆ ಸೀಸನ್ನಿನ ಕೊನೆಗೆ ಕೆಳಕ್ಕೆ ಬಿತ್ತು, ಅಕ್ಟೋಬರ್‌ನಲ್ಲಿ ಇವನ ಕೆಲಸ ಹೋಯಿತು.

ಅವನ ಜಾಗಕ್ಕೆ ಬಂದದ್ದು ಯಾರು ಗೊತ್ತಾ? ಜಾಕ್ ವಿಲ್ಶಿಯರ್. 16ಕ್ಕೇ ಆರ್ಸೆನಲ್ ಪರ ಆಡಿದ ಹುಡುಗ, ಗಾಯಗಳ ಕಾಟಕ್ಕೆ 30ಕ್ಕೇ ಬೂಟು ಬಿಚ್ಚಿಟ್ಟ. ಇಬ್ಬರೂ ಮಿಡ್‌ಫೀಲ್ಡರ್‌ಗಳು, ಇಬ್ಬರೂ ಆಟ ನಿಲ್ಲಿಸಿದ್ದು 2022ರಲ್ಲೇ, ಬ್ಲೂಮ್‌ಫೀಲ್ಡ್ ಮಾತ್ರ 38ರ ಹೊಸ್ತಿಲಲ್ಲಿ. ಇಲ್ಲಿಗೆ ಬಂದಾಗ ಮಾತ್ರ ಕೇಳುತ್ತಿದ್ದವರ ಮುಖ ಅರಳುತ್ತದೆ. ಓ, ವಿಲ್ಶಿಯರ್ ಗೊತ್ತು ಅನ್ನುತ್ತಾರೆ.