ರಿಸಲ್ಟ್ ಬಂದ ವಾರ, ತಲೆಯೊಳಗಿನ ಬೈಗುಳ

2025 ಮೇ 4, ಭಾನುವಾರ

ಶುಕ್ರವಾರ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಗಣಿತ ಪಾಠ ಮಾಡೋ ನಮ್ಮಂಥವರಿಗೆ ಆ ದಿನ ಹೆಂಗಿರುತ್ತೆ ಅಂತ ಬೇರೆ ಸಬ್ಜೆಕ್ಟ್‌ನವರಿಗೂ ಪೂರ್ತಿ ಗೊತ್ತಾಗಲ್ಲ ಅನ್ಸುತ್ತೆ. ನಮ್ಮ ಸ್ಕೂಲಲ್ಲಿ ಫೇಲಾದ ಮಕ್ಕಳಲ್ಲಿ ಹೆಚ್ಚಿನೋರು ಗಣಿತದಲ್ಲೇ ಹೋಗಿದ್ದಾರೆ, ಲಿಸ್ಟ್ ನೋಡ್ತಾ ನೋಡ್ತಾ ಪ್ರತಿ ನಂಬರಿಗೂ ಒಂದು ಮುಖ ನೆನಪಾಗುತ್ತೆ, ಎರಡನೇ ಬೆಂಚು, ಕಿಟಕಿ ಪಕ್ಕ, ಬಸ್ ಲೇಟು ಅಂತ ಯಾವಾಗ್ಲೂ ಮೊದಲನೇ ಪೀರಿಯಡ್ ಅರ್ಧ ತಪ್ಪಿಸ್ಕೊಳ್ತಿದ್ದ ಹುಡುಗ. ಅವತ್ತಿಂದ ತಲೇಲಿ ಒಂದೇ ಸಮ ಓಡ್ತಿದೆ. ನಿಂಗೆ ಪಾಠ ಮಾಡೋಕೇ ಬರಲ್ಲ. ಇಷ್ಟು ವರ್ಷ ಸರ್ವಿಸ್ ಮಾಡಿ ಏನ್ ಕಡಿದು ಗುಡ್ಡೆ ಹಾಕ್ದೆ. ನಿನ್ನ ಜಾಗದಲ್ಲಿ ಬೇರೆ ಯಾರಿದ್ರೂ ಆ ಮಕ್ಳು ಪಾಸಾಗಿರೋರು.

ಇದೆಲ್ಲ ನನಗೆ ಹೊರಗಿನಿಂದ ಯಾರೂ ಹೇಳಿಲ್ಲ. ಹೆಡ್‌ಮಾಸ್ಟ್ರು ಕೂಡ ಎಕ್ಸಾಮ್-2 ಕ್ಕೆ, ಅಂದ್ರೆ ಫೇಲಾದೋರು ಮತ್ತೆ ಬರೆಯೋ ಪರೀಕ್ಷೆಗೆ, ಪ್ಲಾನ್ ಮಾಡಿ ಮೇಡಂ ಅಂತ ಅಷ್ಟೇ ಅಂದ್ರು.

ನಿನ್ನೆ ಒಬ್ಳು ಹುಡುಗಿ ಸ್ಕೂಲ್ ಹತ್ರ ಬಂದಿದ್ಲು, ಎಕ್ಸಾಮ್-2 ಕಟ್ಟೋದು ಹೆಂಗೆ ಅಂತ ಕೇಳೋಕೆ. ಕೇಳಿ ಮುಗಿದ ಮೇಲೂ ನಿಂತೇ ಇದ್ಲು. ಆಮೇಲೆ ಅಂದ್ಲು, "ನನ್ ತಲೇಲಿ ಏನೂ ಇಲ್ಲ ಮಿಸ್, ಅಪ್ಪ ಹೇಳೋದೇ ಸರಿ, ನಾನು ದಡ್ಡಿ." ನಾನು ಇಲ್ಲಮ್ಮ ನೀನು ತುಂಬಾ ಜಾಣೆ ಅನ್ಲಿಲ್ಲ, ಅಂದಿದ್ರೂ ಅವಳು ನಂಬ್ತಿರ್ಲಿಲ್ಲ. ಸ್ಟಾಫ್ ರೂಮಿಂದ ಅವಳ ಪ್ರಿಪರೇಟರಿ ಪೇಪರ್ ಹುಡುಕಿ ತಂದು ಜಗುಲಿ ಮೇಲೆ ಕೂರಿಸ್ಕೊಂಡೆ. ಸಮಾಂತರ ಶ್ರೇಢಿ ಲೆಕ್ಕದಲ್ಲಿ ಸೂತ್ರ ಸರಿ ಬರ್ದಿದ್ಲು, ಮೊದಲ ಪದ ಸರಿ, ಸಾಮಾನ್ಯ ವ್ಯತ್ಯಾಸ ಸರಿ, ಗುಣಾಕಾರದಲ್ಲಿ ಜಾರಿದ್ಲು. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಪೂರ್ತಿ ಸರಿ. ಗ್ರಾಫ್ ಮುಟ್ಟೇ ಇರ್ಲಿಲ್ಲ. "ನೋಡು ಪುಟ್ಟ, ಇಲ್ಲೀವರೆಗೂ ನಿಂಗೆ ಬರುತ್ತೆ, ಇದು ಬರಲ್ಲ, ಇದನ್ನ ಕಲಿಯೋಕೆ ನೀನು ಟ್ರೈನೇ ಮಾಡಿಲ್ಲ, ಈ ತಿಂಗಳು 26 ಕ್ಕೆ ಪರೀಕ್ಷೆ ಶುರು, ಟೈಮ್ ಇದೆ" ಅಂದೆ. ಪೇಪರ್‌ನ ಮಡಚಿ ಇಟ್ಕೊಂಡು, ಸೋಮವಾರ ಬರ್ತೀನಿ ಮಿಸ್ ಅಂತ ಹೋದ್ಲು.

ವಾಪಸ್ ಬರ್ತಾ ಬಸ್ಸಲ್ಲಿ ಕೂತ ತಕ್ಷಣ ಮತ್ತೆ ಅದೇ ಶುರು, ನಿಂಗೆ ಪಾಠ ಮಾಡೋಕೆ ಬರಲ್ಲ. ಆಗ ಹೊಳೀತು. ಆ ಹುಡುಗಿಗೆ ಒಂದೇ ಒಂದು ಸಲ ನಾನು ಈ ಮಾತು ಈ ಧಾಟೀಲಿ ಹೇಳಿದ್ರೆ ನನ್ನನ್ನ ಟೀಚರ್ ಅಂತ ಕರೆಯೋಕೆ ಆಗ್ತಿತ್ತಾ? ಹಂಗಿದ್ರೆ ನನಗೆ ನಾನೇ ಯಾಕೆ ದಿನಪೂರ್ತಿ ಹೇಳ್ಕೊಳ್ತಾ ಇದೀನಿ.

ಬಿ.ಎಡ್ ನಲ್ಲಿ ವೈಗೋಟ್ಸ್ಕಿ ಅಂತ ಒಬ್ರನ್ನ ಓದಿದ್ವಿ, ರಷ್ಯಾದ ಮನಶ್ಶಾಸ್ತ್ರಜ್ಞರು, 1934 ರಲ್ಲೇ ತೀರಿಹೋದ್ರು, ಆಗಿನ್ನೂ 40 ತುಂಬಿರ್ಲಿಲ್ಲ. ಪರೀಕ್ಷೆಗೆ ಅಂತ ಓದಿದ್ದು ಅವಾಗ, ಈಗ ಕ್ಲಾಸಲ್ಲಿ ದಿನಾ ಕಾಣುತ್ತೆ. ಚಿಕ್ಕ ಮಕ್ಳು ಕೆಲಸ ಮಾಡ್ವಾಗ ಜೋರಾಗಿ ತಮಗೆ ತಾವೇ ಮಾತಾಡ್ಕೊಳ್ತಾರಲ್ಲ, ದೊಡ್ಡೋರು ಅವರಿಗೆ ಹೇಳಿದ್ದನ್ನೇ ಅವರು ತಮಗೆ ಹೇಳ್ಕೊಳ್ಳೋದು ಅದು, ಬೆಳೀತಾ ಬೆಳೀತಾ ಅದೇ ಮಾತು ಪಿಸುಗುಟ್ಟಾಗಿ ಆಮೇಲೆ ಶಬ್ದ ಇಲ್ಲದೆ ಒಳಗೆ ಇಳಿಯುತ್ತೆ ಅಂತಾರೆ ಅವ್ರು. ಎಂಟನೇ ಕ್ಲಾಸಿನ ಮಕ್ಳು ಲೆಕ್ಕ ಮಾಡ್ವಾಗ ಈಗ್ಲೂ ಕೆಲವರ ತುಟಿ ಅಲ್ಲಾಡುತ್ತೆ, ಹತ್ರ ಹೋಗಿ ಕೇಳಿದ್ರೆ "ಈ ಕಡೆಯಿಂದ ಆ ಕಡೆ ಹೋದ್ರೆ ಪ್ಲಸ್ ಮೈನಸ್ ಆಗುತ್ತೆ" ಅಂತ ನಾನು ಬೋರ್ಡ್ ಮುಂದೆ ಹೇಳಿದ್ದು ನನ್ನದೇ ರಾಗದಲ್ಲಿ ಬರ್ತಿರುತ್ತೆ. ಸೂತ್ರ ಹಂಗೆ ಒಳಗೆ ಹೋಗುತ್ತೆ ಅಂದ್ರೆ ಬೈಗುಳನೂ ಹಂಗೇ ಹೋಗುತ್ತೆ ತಾನೇ. ನನ್ನ ತಲೇಲಿ ಓಡ್ತಿರೋ ಧ್ವನಿ ನಾನು ಹುಟ್ಟಿದಾಗ ಇರ್ಲಿಲ್ಲ, ಎಲ್ಲೋ ಯಾರದ್ದೋ ಬಾಯಿಂದ ಕೇಳಿ ಕಲ್ತಿದ್ದು. ಕಲ್ತಿದ್ದಾದ್ರೆ ಬೇರೆ ಥರ ಮಾತಾಡೋಕೂ ಕಲಿಸಬಹುದು. ನನಗೆ ಈ ವಿಷಯದಲ್ಲಿ ಧೈರ್ಯ ಬಂದಿದ್ದೇ ಇಲ್ಲಿಂದ.

ನಮ್ಮ ಕಡೆ ಒಂದು ಗಾದೆ ಇದೆ, ಬೈದು ಹೇಳೋರು ಬದುಕೋಕೆ ಹೇಳ್ತಾರೆ, ನಕ್ಕು ಹೇಳೋರು ಕೆಡೋಕೆ ಹೇಳ್ತಾರೆ ಅಂತ. ನಾನು ಇದನ್ನ ನಂಬ್ಕೊಂಡೇ ಬೆಳೆದೋಳು. ಅದಕ್ಕೇ ಒಳಗಿನ ಬೈಗುಳ ನಿಲ್ಲಿಸೋಕೆ ಭಯ ಆಗೋದು, ನಿಲ್ಲಿಸಿದ್ರೆ ಸೋಮಾರಿ ಆಗ್ಬಿಡ್ತೀನೇನೋ ಅಂತ. ಆದ್ರೆ ಇವತ್ತು ಯೋಚನೆ ಮಾಡ್ದೆ, ನಮ್ಮಜ್ಜಿ ಬೈತಿದ್ಲು ನಿಜ, ಬೈದು ಮುಗಿಸಿ ಹತ್ತು ನಿಮಿಷಕ್ಕೆ ಬಾರೇ ಊಟಕ್ಕೆ ಅಂತ ಕರೀತಿದ್ಲು, ತಟ್ಟೆಗೆ ಬಡಿಸ್ತಾ ನಾಳೆ ಹಿಂಗ್ ಮಾಡು ಅಂತ ದಾರೀನೂ ಹೇಳ್ತಿದ್ಲು. ಗಾದೆ ಹೇಳೋದು ಅಂಥ ಬೈಗುಳದ ಬಗ್ಗೆ. ನನ್ನ ತಲೆಯೊಳಗಿನದು ಬೈಯುತ್ತೆ ಅಷ್ಟೇ, ಊಟಕ್ಕೂ ಕರಿಯಲ್ಲ, ದಾರೀನೂ ಹೇಳಲ್ಲ.

ಸೋಮಾರಿ ಆಗೋ ಭಯದ ಬಗ್ಗೆ ಒಂದು ಸ್ಟಡಿ ಇದೆ, 2012 ರದ್ದು, ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಮಾಡಿದ್ದು. ವಿದ್ಯಾರ್ಥಿಗಳಿಗೆ ಪದಗಳ ಒಂದು ಕಷ್ಟದ ಟೆಸ್ಟ್ ಕೊಟ್ರು. ಆಮೇಲೆ ಒಂದು ಗುಂಪಿಗೆ, ಇದು ಕಷ್ಟ ಆಗೋದು ಸಹಜ, ನಿಮಗೊಬ್ರಿಗೇ ಅಲ್ಲ, ನಿಮ್ಮ ಮೇಲೆ ನೀವೇ ಅಷ್ಟು ಗಡುಸಾಗ್ಬೇಡಿ ಅಂದ್ರು. ಇನ್ನೊಂದು ಗುಂಪಿಗೆ, ಇಲ್ಲಿ ಸೀಟ್ ಸಿಕ್ಕಿದೆ ಅಂದ್ರೆ ನೀವು ಬುದ್ಧಿವಂತರೇ ಬಿಡಿ ಅಂತ ಹೊಗಳಿದ್ರು. ಮತ್ತೊಂದು ಗುಂಪಿಗೆ ಏನೂ ಹೇಳ್ಲಿಲ್ಲ. ಎರಡನೇ ಟೆಸ್ಟಿಗೆ ಜಾಸ್ತಿ ಹೊತ್ತು ಕೂತು ಓದಿದ್ದು ಮೊದಲನೇ ಗುಂಪು. ಎಕ್ಸಾಮ್-2 ಕ್ಕೆ ಮಕ್ಕಳನ್ನ ಕೂರಿಸ್ಬೇಕಾದ ನನಗೆ ಇದಕ್ಕಿಂತ ಬೇಕಾದ ಮಾತು ಇನ್ನೊಂದಿಲ್ಲ.

ಹಾಗಂತ ಕನ್ನಡಿ ಮುಂದೆ ನಿಂತು ನಾನು ಗ್ರೇಟ್ ನಾನು ಸೂಪರ್ ಅನ್ನೋದು ನನಗೆ ಆಗಲ್ಲ. ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯವರು 2009 ರಲ್ಲಿ ತೋರಿಸಿದ್ದಾರೆ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದ್ಕೊಂಡಿರೋರು "ನಾನು ಪ್ರೀತಿಗೆ ತಕ್ಕ ವ್ಯಕ್ತಿ" ಅಂತ ಹೇಳ್ಕೊಂಡ್ರೆ ಅವರ ಮನಸ್ಸು ಇನ್ನೂ ಕುಗ್ಗುತ್ತೆ ಅಂತ. ಆ ಹುಡುಗಿಗೆ ನೀನು ಜಾಣೆ ಅಂತ ನಾನು ಅನ್ನದೇ ಇದ್ದಿದ್ದು ಒಳ್ಳೇದೇ ಆಯ್ತು. ಒಳಗಿನ ಮಾತು ನಿಜ ಆಗಿರ್ಬೇಕು, ನಂಬೋ ಹಂಗಿರ್ಬೇಕು, ಅದಾದ ಮೇಲೆ ಮೆತ್ತಗಿರ್ಬೇಕು.

ಅದಕ್ಕೆ ಇವತ್ತು ಮಧ್ಯಾಹ್ನ ಒಂದು ಹಳೇ ನೋಟ್‌ಬುಕ್ ತಗೊಂಡು ಕೂತೆ. ಎಡಗಡೆ ಪೇಜಲ್ಲಿ ತಲೇಲಿ ಬಂದಿದ್ದು ಬಂದ ಹಂಗೇ, ಬಲಗಡೆ ಪೇಜಲ್ಲಿ ಅದನ್ನೇ ನನ್ನ ವಿದ್ಯಾರ್ಥಿ ಪೇಪರ್ ತಿದ್ದೋ ಥರ. ಇದು ನಾನು ಕಂಡುಹಿಡಿದಿದ್ದಲ್ಲ, ಅಮೆರಿಕದಲ್ಲಿ ಆರನ್ ಬೆಕ್ ಅನ್ನೋ ಮನೋವೈದ್ಯರು 1960 ರ ದಶಕದಿಂದ ಖಿನ್ನತೆ ಇರೋರ ಜೊತೆ ಮಾಡ್ತಾ ಬಂದಿದ್ದು, ತಾನಾಗೇ ನುಗ್ಗಿ ಬರೋ ಯೋಚನೆಗಳನ್ನ ಹಿಡಿದು, ಇದಕ್ಕೆ ಸಾಕ್ಷಿ ಏನಿದೆ, ವಿರುದ್ಧ ಏನಿದೆ ಅಂತ ತೂಗಿ ನೋಡೋದು.

ಎಡಗಡೆ: ನಿಂಗೆ ಪಾಠ ಮಾಡೋಕೆ ಬರಲ್ಲ.
ಬಲಗಡೆ: ಪಾಸಾದ ಮಕ್ಳಿಗೂ ನೀನೇ ಪಾಠ ಮಾಡಿದ್ದು. ಈ ಸಲ ತ್ರಿಕೋನಮಿತಿ ವರ್ಷದ ಕೊನೆಗೆ ಹೋಯ್ತು, ರಿವಿಜನ್ ಸಾಲ್ಲಿಲ್ಲ. ಮುಂದಿನ ವರ್ಷ ಅದನ್ನ ಮುಂಚೆ ತಗೋ.

ಎಡಗಡೆ: ಬೇರೆ ಯಾರಿದ್ರೂ ಪಾಸ್ ಮಾಡಿಸಿರೋರು.
ಇದಕ್ಕೆ ಬಲಗಡೆ ಬರಿಯೋಕೆ ತುಂಬಾ ಹೊತ್ತು ಹಿಡೀತು. ಕೊನೆಗೆ ಬರ್ದಿದ್ದು: ಇರಬಹುದು, ಇಲ್ಲದೇನೂ ಇರಬಹುದು. ಏಳನೇ ಕ್ಲಾಸಿನ ಭಾಗಾಕಾರ ಬರದೆ ಹತ್ತಕ್ಕೆ ಬಂದ ಮಕ್ಳು, ಸುಗ್ಗಿ ಟೈಮಲ್ಲಿ ವಾರಗಟ್ಲೆ ಬರದ ಮಕ್ಳು, ಇದೆಲ್ಲ ಒಬ್ಬ ಟೀಚರ್ ತಲೆ ಮೇಲೆ ಹೊರಿಸೋ ಲೆಕ್ಕ ಅಲ್ಲ. ನಿನ್ನ ಪಾಲು ಎಷ್ಟೋ ಅಷ್ಟನ್ನ ಮಾತ್ರ ಹಿಡ್ಕೊ.

ಇನ್ನೊಂದು ಗಮನಿಸ್ದೆ, ಬಲಗಡೆ ಪೇಜಲ್ಲಿ ನಾನು ಅಂತ ಬರಿಯೋದಕ್ಕಿಂತ ನೀನು ಅಂತ ಬರಿಯೋದು ಸಲೀಸು. ಮಿಷಿಗನ್ ಯೂನಿವರ್ಸಿಟಿಯ ಈಥನ್ ಕ್ರಾಸ್ ಮತ್ತೆ ಜೊತೆಯವರು 2014 ರಲ್ಲಿ ಇದನ್ನೇ ಹೇಳಿದ್ದು. ಜನರ ಮುಂದೆ ಭಾಷಣ ಮಾಡ್ಬೇಕಾದೋರು ತಮ್ಮನ್ನ ತಾವೇ ಹೆಸರು ಹಿಡಿದು, ನೀನು ಅಂತ ಮಾತಾಡಿಸ್ಕೊಂಡಾಗ ಕಳವಳ ಕಮ್ಮಿ ಆಯ್ತು, ಭಾಷಣಾನೂ ಚೆನ್ನಾಗಿ ಬಂತು ಅಂತ. ನಮ್ಮ ಕನ್ನಡ ಮೇಷ್ಟ್ರಿಗೆ ಫೋನಲ್ಲಿ ಇದನ್ನ ಹೇಳಿದ್ರೆ, ದಾಸರು ಮನವೇ ಮನವೇ ಅಂತ ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸ್ಕೊಂಡು ಮಾತಾಡಿಸಿಲ್ವಾ ಮೇಡಂ ಅಂದ್ರು. ಹೌದಲ್ಲ ಅನ್ಸಿ ತುಂಬಾ ಖುಷಿ ಆಯ್ತು.

ಬರೆದ ತಕ್ಷಣ ಧ್ವನಿ ನಿಂತೋಗಲ್ಲ. ಸಂಜೆ ಪಾತ್ರೆ ತೊಳೀವಾಗ ಮತ್ತೆ ಬಂತು, ಆದ್ರೆ ಈ ಸಲ ಅದಕ್ಕೆ ಉತ್ತರ ರೆಡಿ ಇತ್ತು, ಅಷ್ಟು ಸಾಕು ಈಗ.

ನಾನಾದ್ರೆ ದೊಡ್ಡೋಳು, ಹೆಂಗೋ ನಿಭಾಯಿಸ್ತೀನಿ. ಹದಿನೈದು ಹದಿನಾರು ವರ್ಷದ ಮಕ್ಳ ತಲೇಲಿ ಈ ವಾರ ಏನೇನು ಓಡ್ತಿದೆಯೋ ಅನ್ನೋದೇ ನನಗೆ ಸಂಕಟ. ಮನೇಲಿ ಅಂಥ ಮಗು ಇದ್ರೆ ಈಗ ಪಕ್ಕದ ಮನೆಯೋರ ಮಾರ್ಕ್ಸ್ ಸುದ್ದಿ ಎತ್ತಬೇಡಿ ದಯವಿಟ್ಟು, ನೀವು ಇವತ್ತು ಅಂದಿದ್ದನ್ನ ಅವರು ಇನ್ನು ಇಪ್ಪತ್ತು ವರ್ಷ ಒಳಗೊಳಗೇ ಹೇಳ್ಕೊಳ್ತಾರೆ. ಮಗು ಊಟ ಬಿಟ್ರೆ, ಮಾತು ಬಿಟ್ರೆ, ಬದುಕಿ ಏನು ಅನ್ನೋ ಥರ ಮಾತಾಡಿದ್ರೆ ನೋಟ್‌ಬುಕ್ಕಲ್ಲಿ ಬರಿಸ್ತಾ ಕೂರೋ ಹೊತ್ತಲ್ಲ ಅದು, ಒಬ್ಬರನ್ನೇ ಬಿಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಮ್ಮ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಈ ನಂಬರ್ ಹಾಕಿದೀನಿ, ವಾಟ್ಸಾಪ್ ಇಲ್ಲದ ಮನೆಗಳಿಗೆ ನಾಳೆ ಆ ಊರಿನ ಮಕ್ಳ ಕೈಲಿ ಬರೆದು ಕಳಿಸ್ತೀನಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಬರೋಕೆ ಹೇಳಿದೀನಿ ಎಲ್ಲರಿಗೂ. ಪಾಸಿಂಗ್ ಪ್ಯಾಕೇಜ್, ಅಂದ್ರೆ ಪಾಸಾಗೋಕೆ ಬೇಕಾದಷ್ಟು ಮುಖ್ಯ ಲೆಕ್ಕಗಳು, ಶುರು ಮಾಡೋ ಮುಂಚೆ ಮೊದಲ ಅರ್ಧ ಗಂಟೆ ಪ್ರತಿಯೊಬ್ಬರೂ ತಮ್ಮ ಪ್ರಿಪರೇಟರಿ ಪೇಪರ್ ತಾವೇ ತಿದ್ದಬೇಕು, ಎಲ್ಲೀವರೆಗೂ ಸರಿ ಇದೆ ಅನ್ನೋದನ್ನ ಮೊದಲು ಗುರುತು ಹಾಕಿ, ಆಮೇಲೆ ತಪ್ಪು. ಅದಾದ ಮೇಲೆ ಗ್ರಾಫ್.