ಬೇಲಿಸಾಲಿನ ಐಲಾಂಥಸ್: ಜುಲೈವರೆಗೆ ಕೊಡಲಿಗೆ ರಜೆ

ಸ್ಥಳ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಗ್ನೇಯ ಭಾಗ, ಹೊಲದಂಚಿನ ಒಂದು ಸಾಲು. ಮರ ಐಲಾಂಥಸ್ ಆಲ್ಟಿಸಿಮಾ, 1784ರಲ್ಲಿ ಅಂದಕ್ಕೆಂದು ಫಿಲಡೆಲ್ಫಿಯಾಕ್ಕೆ ತಂದದ್ದು. (ನಮ್ಮ ಘಟ್ಟದಲ್ಲಿ ಅಗರಬತ್ತಿಗೆ ಹಾಲ್ಮಡ್ಡಿ ಸುರಿಸುವ ಮರವೂ ಇದೇ ಕುಲದ್ದು.) 2014ರಲ್ಲಿ ಇಲ್ಲಿನ ಬರ್ಕ್ಸ್ ಕೌಂಟಿಯಲ್ಲಿ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಬೆಳೆಪೀಡೆ ಸಿಕ್ಕ ಮೇಲೆ, ಆ ಕೀಟದ ಮೆಚ್ಚಿನ ಈ ಮರ ಕಡಿಯುವ ಆತುರ ಎಲ್ಲರಿಗೂ.

ಮೇ–ಜೂನ್: ಮರ ಗುರುತಿಸಿ ಬಣ್ಣ ಬಳಿಯುವುದು ಮಾತ್ರ. ಸುಮ್ಯಾಕ್, ಕಪ್ಪು ವಾಲ್‌ನಟ್ ಎಂಬ ಸ್ಥಳೀಯ ಗಿಡಮರಗಳ ಜೊತೆ ಗೊಂದಲವಾಗುತ್ತದೆ. ಅವುಗಳ ಕಿರುಎಲೆಯ ಅಂಚಿಡೀ ಹಲ್ಲು. ಐಲಾಂಥಸ್‌ಗೆ ಬುಡದಲ್ಲಷ್ಟೇ ಒಂದೆರಡು, ಉಳಿದ ಅಂಚು ನಯ. ಈಗ ಔಷಧಿ ಹಾಕಿದರೆ ವ್ಯರ್ಥ: ಬೇರಿನ ಆಹಾರ ಮೇಲಕ್ಕೆ ಹರಿಯುವ ಕಾಲವಿದು, ಕಳೆನಾಶಕ ಕೆಳಗಿಳಿಯದು. ಕಡಿದರಂತೂ ಬೇರುಚಿಗುರಿನ ಹಿಂಡೇ ಏಳುತ್ತದೆ.

ಜುಲೈ ನಡುವಿನಿಂದ: ಎಲೆ ಬಲಿತು ಸಕ್ಕರೆ ಬೇರಿಗಿಳಿಯತೊಡಗಿದೆ. ಎಲೆ ಬಣ್ಣ ತಿರುಗುವವರೆಗೂ ಕೆಲಸಕ್ಕೆ ಸಮಯವಿದೆ. ದಪ್ಪ ಕಾಂಡಕ್ಕೆ ಕೈಕೊಡಲಿಯಿಂದ ಓರೆ ಕಚ್ಚು, ವ್ಯಾಸದ ಪ್ರತಿ 2.5 ಸೆಂ.ಮೀ.ಗೆ ಒಂದು, ಎಷ್ಟೇ ಸಣ್ಣದಿರಲಿ, ಎರಡಕ್ಕೆ ಕಡಿಮೆಯಿಲ್ಲ. 20 ಸೆಂ.ಮೀ. ಮರಕ್ಕೆ ಎಂಟು ಕಚ್ಚು, ತಲಾ ಸುಮಾರು 1 ಮಿ.ಲೀ. ಟ್ರೈಕ್ಲೋಪಿರ್ ಅಮೈನ್ ಎಂಬ ಕಳೆನಾಶಕ, ಕಚ್ಚು ಹಾಕಿದ ಕೂಡಲೇ. ಕಚ್ಚುಗಳು ಒಂದಕ್ಕೊಂದು ಕೂಡಬಾರದು, ನಡುವೆ ಎರಡು ಬೆರಳಷ್ಟು ತೊಗಟೆ ಉಳಿಯಲಿ. ಸುತ್ತಲೂ ಉಂಗುರ ಕತ್ತರಿಸುವವರು ಸೋಲುವುದು ಇಲ್ಲೇ: ಬೇರಿಗಿಳಿಯುವ ದಾರಿಯೇ ಮುಚ್ಚಿ, ಮೇಲ್ಭಾಗ ಒಣಗುತ್ತದೆ, ಬೇರು ಬದುಕುತ್ತದೆ.

15 ಸೆಂ.ಮೀ.ಗಿಂತ ಸಣ್ಣವಕ್ಕೆ ಬುಡಲೇಪ. ಟ್ರೈಕ್ಲೋಪಿರ್ ಎಸ್ಟರ್ (ಅದೇ ಕಳೆನಾಶಕದ ಎಣ್ಣೆಯಲ್ಲಿ ಬೆರೆಯುವ ರೂಪ) ಒಂದು ಪಾಲು, ಬೇಸಲ್ ಆಯಿಲ್ (ಬುಡಲೇಪಕ್ಕೆ ಬಳಸುವ ಎಣ್ಣೆ) ನಾಲ್ಕು ಪಾಲು. ನೆಲದಿಂದ 30–45 ಸೆಂ.ಮೀ. ಎತ್ತರದವರೆಗೆ, ಸುತ್ತಲೂ, ತೊಯ್ಯುವಷ್ಟು, ನೆಲಕ್ಕೆ ಹರಿಯದಷ್ಟು. ಸುಡುಬಿಸಿಲಿನ ದಿನ ಬೇಡ, ಎಸ್ಟರ್ ಆವಿಯಾಗಿ ಪಕ್ಕದ ಗಿಡಗಳಿಗೆ ತಗಲುತ್ತದೆ. ಮಳೆಗೆ ನೆಂದ ತೊಗಟೆಗೂ ಬೇಡ. ಯಾವುದಕ್ಕೂ ಲೇಬಲ್ಲಿನ ಮಿತಿಯೇ ಕೊನೆಯ ಮಾತು.

ಆಗಸ್ಟ್ ಕೊನೆ: ಎಲೆ ಸೊರಗಿವೆ. ಉರುಳಿಸಲು ಕೈ ತುರಿಸಿದರೂ ಕನಿಷ್ಠ 30 ದಿನ ಕಾಯಬೇಕು, ಔಷಧಿ ಬೇರಿನ ತುದಿವರೆಗೆ ಹೋಗಲಿ. ಮೊದಲು ಕಡಿದು ಬೊಡ್ಡೆಗೆ ಬಳಿಯುವ ಪದ್ಧತಿಯಿಂದ ಬೊಡ್ಡೆ ಚಿಗುರುವುದು ನಿಲ್ಲುತ್ತದೆ, ಬೇರುಚಿಗುರು ನಿಲ್ಲುವುದಿಲ್ಲ.

ಬಾಕಿ: ಮುಂದಿನ ಜುಲೈಗೆ ಸಾಲಿನ ಎರಡೂ ಬದಿ 15 ಮೀಟರ್ ಹುಡುಕಾಟ. ಎದ್ದ ಚಿಗುರನ್ನು ಕೀಳದೆ, ಎಲೆ ಬಲಿತ ಮೇಲೆ ಅದಕ್ಕೇ ಸಿಂಪಡಣೆ.